ಎಲ್ಲಿದ್ದೀಯಾ ಎಂದು ಕೇಳುವ ಯಂತ್ರ

ಆ ಹುಡುಗಿಯ ಚೀಲವನ್ನು ಹೊರಗೆ ತಂದು ಮೆಟ್ಟಿಲ ಮೇಲೆ ಇಟ್ಟವನು ನಾನೇ. ಹೆಂಡತಿಗೆ ಬೇರೆ ಕಥೆ ಹೇಳಿದ್ದೆ; ಅವಳು ಈಗಿಲ್ಲ. ಮಗಳಿಗೆ ನಿಜ ಗೊತ್ತು, ಆದರೆ ಅವಳು ಆ ಮಾತು ಎತ್ತುವುದಿಲ್ಲ. ಹಾಗಾಗಿ ಬರೆದಿಡುತ್ತಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಓದಿದ ಗುಮಾಸ್ತ. ದೆಹಲಿಯ ಲೋಧಿ ಕಾಲೋನಿಯಲ್ಲಿ ಸರ್ಕಾರಿ ಕ್ವಾರ್ಟರ್ಸ್: ಮೊದಲ ಮಹಡಿ, ಎರಡು ಕೋಣೆ, ಹಿಂದೆ ಒಂದು ಮುಚ್ಚಿದ ವರಾಂಡ. ಆ ವರಾಂಡದಲ್ಲಿ ಹೆಂಡತಿಯ ಬಾಲ್ಯದ ಗೆಳತಿಯ ಮಗಳನ್ನು ಬಾಡಿಗೆಗೆ ಇಟ್ಟುಕೊಂಡಿದ್ದೆವು. ಅರಸೀಕೆರೆಯ ಹುಡುಗಿ. ತಂದೆ ಇರಲಿಲ್ಲ. ಈಗಿನ ಗುರುಗ್ರಾಮ ಆಗ ಗುಡಗಾಂವ್. ಅಲ್ಲಿ ರಾತ್ರಿಯೆಲ್ಲ ಪರದೇಶದವರೊಂದಿಗೆ ಫೋನಿನಲ್ಲಿ ಮಾತಾಡುವ ಕೆಲಸ ಅವಳದು. ಬೆಳಿಗ್ಗೆ ಕಂಪನಿಯ ಕ್ಯಾಬು ತಂದು ಬಿಡುತ್ತಿತ್ತು.

ಸರ್ಕಾರಿ ಮನೆಯಲ್ಲಿ ಬಾಡಿಗೆಯವರನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ನಮ್ಮ ಬ್ಲಾಕಿನಲ್ಲಿ ಅರ್ಧ ಜನ ಅದನ್ನೇ ಮಾಡುತ್ತಿದ್ದರು. ಅದಕ್ಕೇ ಅಂಥ ಮನೆಗಳಲ್ಲೆಲ್ಲ ಒಂದು ಪಾಠ ಇರುತ್ತಿತ್ತು, ತಪಾಸಣೆಯವರು ಬಂದರೆ ಒಪ್ಪಿಸುವುದಕ್ಕೆ. ಹುಡುಗಿ ಬಂದ ದಿನವೇ ಊಟಕ್ಕೆ ಕೂತಾಗ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಪರೀಕ್ಷೆ ಮಾಡಿದಳು.

"ಇವರು ನಿನಗೆ ಏನಾಗಬೇಕು?"

"ಮಾಮಾಜಿ. ಅಮ್ಮನ ಸ್ವಂತ ಅಣ್ಣ."

"ಹಿಂದಿಯಲ್ಲಿ ಹೇಳು."

"ಸಗೇ ಮಾಮಾ ಹೈ ಮೇರೇ," ಎಂದು ನಕ್ಕುಬಿಟ್ಟಳು.

ಆಗ ಹನ್ನೊಂದು ವರ್ಷದವಳಾಗಿದ್ದ ನನ್ನ ಮಗಳು, "ಅಕ್ಕಾ, ಫೇಲ್. ನಗಬಾರದು," ಎಂದಳು.

ಎರಡು ತಿಂಗಳಲ್ಲಿ ಪಾಠ ಪಾಠವಾಗಿ ಉಳಿಯಲಿಲ್ಲ. ಯಾರೂ ಇಲ್ಲದಾಗಲೂ ಅವಳು ನನ್ನನ್ನು ಮಾವ ಎಂದೇ ಕರೆಯುತ್ತಿದ್ದಳು. ನನಗೂ ಅದು ಹಿತವಾಗಿತ್ತು.

ಅವಳ ಹತ್ತಿರ ಕೈಯಲ್ಲಿ ಹಿಡಿದು ಆಡುವ ಒಂದು ಆಟದ ಮೆಷಿನ್ ಇತ್ತು. ಪಾಲಿಕಾ ಬಜಾರಿನಲ್ಲಿ ಚೌಕಾಸಿ ಮಾಡಿ ತಂದದ್ದು. ಮಧ್ಯಾಹ್ನ ನಿದ್ದೆ ಮುಗಿಸಿ ಎದ್ದು ನನ್ನ ಮಗಳ ಜೊತೆ ಆಡುತ್ತಿದ್ದಳು. ಆಟದೊಳಗಿನ ಹುಡುಗಿ ಊರೂರು ಅಲೆದು, ಎತ್ತರದ ಹುಲ್ಲಿನಲ್ಲಿ ಅಡಗಿದ ವಿಚಿತ್ರ ಪ್ರಾಣಿಗಳನ್ನು ಹಿಡಿದು ಸಾಕಬೇಕು. ಆ ಹುಡುಗಿಯ ಕೈಯಲ್ಲೂ ಒಂದು ಪುಟ್ಟ ಯಂತ್ರ. ಅದನ್ನು ತೆರೆದರೆ ಇಡೀ ನಾಡಿನ ನಕ್ಷೆ ಕಾಣುತ್ತದೆ. ಅವಳು ಎಲ್ಲಿ ನಿಂತಿದ್ದಾಳೋ ಅಲ್ಲಿ ಅವಳದೇ ತಲೆ, ಕಡಲೆಕಾಳಿನಷ್ಟು, ಮಿನುಗುತ್ತಿರುತ್ತದೆ. ಅದರಲ್ಲೇ ಫೋನೂ ಇತ್ತು. ದಾರಿಯಲ್ಲಿ ನಡೆಯುವಾಗ ಇದ್ದಕ್ಕಿದ್ದಂತೆ ರಿಂಗಾಗುತ್ತಿತ್ತು. ಯಂತ್ರದೊಳಗೊಂದು ಯಂತ್ರ. ನನಗೆ ಅದರ ಸದ್ದು ಆಗಿನಿಂದಲೂ ಅಷ್ಟು ಸರಿ ಬರಲಿಲ್ಲ.

ಬೇಸಿಗೆ ರಜೆಗೆ ಮುಂಚೆಯೇ ಅತ್ತೆಯ ಕಣ್ಣಿನ ಆಪರೇಷನ್ ಎಂದು ಹೆಂಡತಿ ಮೈಸೂರಿಗೆ ಹೋದಳು. ಅವಳು ಹೋದ ಎರಡನೆಯ ವಾರ, ಒಂದು ಗುರುವಾರ ಮಧ್ಯಾಹ್ನ, ತಪಾಸಣೆಯವರು ಬಂದರು. ಇಬ್ಬರು. ನನಗೆ ಜ್ವರವೆಂದು ರಜೆ ಹಾಕಿ ಮನೆಯಲ್ಲಿದ್ದೆ. ಹುಡುಗಿ ನಿದ್ದೆಗಣ್ಣಿನಲ್ಲೇ ಎದ್ದು ಬಂದು, ಒಂದಿಷ್ಟೂ ನಗದೆ, ಪಾಠ ಸರಿಯಾಗಿ ಒಪ್ಪಿಸಿದಳು. ಸಗೇ ಮಾಮಾ.

ಹಿರಿಯವನು ಕೋಣೆಗಳನ್ನೆಲ್ಲ ನೋಡಿ ಬಂದು ನನ್ನನ್ನು ಕೇಳಿದ. "ಬೀವಿ ಕಹಾಂ ಹೈ?"

"ಮಾಯ್ಕೇ ಗಯೀ ಹೈ."

"ಅಚ್ಛಾ. ಬೀವಿ ಮಾಯ್ಕೇ ಮೇಂ, ಔರ್ ಭಾಂಜಿ ಘರ್ ಪೇ." ಜೊತೆಯವನು ಕಾಗದದಿಂದ ತಲೆ ಎತ್ತದೆ ನಕ್ಕ.

ಹೆಂಡತಿ ತವರಿನಲ್ಲಿ, ತಂಗಿಯ ಮಗಳು ಮನೆಯಲ್ಲಿ: ಆ ಮಾತು ಎಲ್ಲಿಗೆ ಮುಟ್ಟಿತೆಂದು ಗೊತ್ತಾಯಿತು. ಮನೆ ಹೋಗುವುದೋ ಕೆಲಸ ಹೋಗುವುದೋ ಎಂಬ ಭಯಕ್ಕಿಂತ, ಕಚೇರಿಯಲ್ಲಿ ಈ ನಗು ಹರಡಿದರೆ ಎಂಬ ಭಯ ದೊಡ್ಡದಾಯಿತು. ನಾನು ಹೇಳಿದೆ: ಇವಳು ನನಗೆ ಏನೂ ಆಗಬೇಕಿಲ್ಲ. ಹೆಂಡತಿಗೆ ಪರಿಚಯದವರ ಮಗಳು, ಎರಡು ದಿನಕ್ಕೆ ಬಂದಿದ್ದಳು, ಇವತ್ತೇ ಹೋಗುತ್ತಾಳೆ. ಹೇಳಿದ್ದು ನಿಜವೆಂದು ತೋರಿಸಲು ವರಾಂಡಕ್ಕೆ ಹೋಗಿ, ಕೈಗೆ ಸಿಕ್ಕಿದ್ದನ್ನು ಅವಳ ಚೀಲಕ್ಕೆ ತುಂಬಿ, ಹೊರಗೆ ಮೆಟ್ಟಿಲ ಮೇಲೆ ಇಟ್ಟೆ. ಮಗಳು ಬಾಗಿಲ ಪಕ್ಕ ನಿಂತು ನೋಡುತ್ತಿದ್ದಳು.

ಹುಡುಗಿ ಅಳಲಿಲ್ಲ. ಚಪ್ಪಲಿ ಹಾಕಿಕೊಂಡಳು. "ನಾನು ಪಾಸಾಗಿದ್ದೆ ಮಾವ," ಎಂದಳು. ಹೋದಳು.

ಆಟದ ಮೆಷಿನ್ ಮಗಳ ದಿಂಬಿನ ಕೆಳಗೆ ಉಳಿದುಬಿಟ್ಟಿತ್ತು.

ಸಂಜೆಗೆ ಬರುತ್ತಾಳೆ ಎಂದುಕೊಂಡೆ. ಸರೋಜಿನಿ ನಗರದಲ್ಲಿ ಅವಳ ಜೊತೆ ಕೆಲಸ ಮಾಡುವವಳೊಬ್ಬಳು ಇದ್ದಾಳೆ, ಅಲ್ಲಿಗೆ ಹೋಗಿರುತ್ತಾಳೆ ಎಂದುಕೊಂಡೆ. ಶುಕ್ರವಾರ, ಶನಿವಾರ ಕಳೆಯಿತು. ಭಾನುವಾರ ಹನ್ನೊಂದಕ್ಕೆ ಅವಳ ತಾಯಿಯ ಫೋನು ಬಂತು, ಎಂದಿನಂತೆ.

"ಅಣ್ಣಾ, ಚೆನ್ನಾಗಿದ್ದೀರಾ? ನನ್ನ ಮಗಳು ಎಲ್ಲಿ?"

"ಸ್ನಾನಕ್ಕೆ ಹೋಗಿದ್ದಾಳಮ್ಮ," ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು.

"ಹೌದಾ. ಸರಿ ಬಿಡಿ."

ಫೋನು ಇಟ್ಟ ಮೇಲೆ ಬಚ್ಚಲಿನಲ್ಲಿ ತಂಬಿಗೆಯಿಂದ ನೀರು ಹೊಯ್ದುಕೊಳ್ಳುವ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದೆ. ನೆಲ ಒಣಗಿತ್ತು.

ಸೋಮವಾರ ಅವಳ ಕಂಪನಿಗೆ ಫೋನು ಮಾಡಿದೆ. ಗುರುವಾರದಿಂದ ಕೆಲಸಕ್ಕೆ ಬಂದಿಲ್ಲ ಎಂದರು. ಸರೋಜಿನಿ ನಗರದ ಗೆಳತಿಯನ್ನು ಹುಡುಕಿಕೊಂಡು ಹೋದೆ; ಅವಳೂ ನೋಡಿರಲಿಲ್ಲ. ಪೊಲೀಸರಿಗೆ ಹೇಳಬೇಕಿತ್ತು. ಹೇಳಿದರೆ ಮೊದಲ ಪ್ರಶ್ನೆ ಏನೆಂದು ಗೊತ್ತಿತ್ತು, ಹೇಳಲಿಲ್ಲ. ಪೇಪರಿನಲ್ಲಿ ಗುರುತು ಸಿಗದ ಹೆಂಗಸರ ಸುದ್ದಿ ಬಂದರೆ ಓದಿ, ಆ ಹಾಳೆಯನ್ನು ಮಗಳಿಗೆ ಕಾಣದಂತೆ ಮಡಿಸಿಡುತ್ತಿದ್ದೆ.

ಎರಡನೆಯ ಭಾನುವಾರ ಮತ್ತೆ ಫೋನು. ಡಬಲ್ ಡ್ಯೂಟಿ ಎಂದೆ. ಊಟ ಸರಿಯಾಗಿ ಮಾಡುತ್ತಾಳಾ ಎಂದು ಕೇಳಿದರು. ನಿನ್ನೆ ಹುಳಿ ಮಾಡಿದ್ದೆ, ಎರಡು ಸಲ ಬಡಿಸಿಕೊಂಡಳು ಎಂದೆ. "ಹೌದಾ," ಎಂದರು. ಅವರ ದನಿಯಲ್ಲಿ ಆತುರವೇ ಇರಲಿಲ್ಲ. ನಾನು ಹೇಳುವುದನ್ನೆಲ್ಲ ಹೇಳಲು ಬಿಟ್ಟು, ಇನ್ನೂ ಇದೆಯೇ ಎಂಬಂತೆ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು.

ಮಗಳು ಪಕ್ಕದ ದಿವಾನದ ಮೇಲೆ ಮೆಷಿನ್ ಹಿಡಿದು ಕೂತಿದ್ದಳು. ಅಕ್ಕ ಆಟ ನಿಲ್ಲಿಸಿದ್ದು ಯಾವುದೋ ಊರಿನ ಒಂದು ಮನೆಯ ಬಾಗಿಲ ಮುಂದೆ. ಮಗಳು ಒಳಗೂ ಹೋಗುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ. ಅಕ್ಕ ಬಂದ ಮೇಲೆಯೇ ಎನ್ನುತ್ತಿದ್ದಳು. ಆ ಪುಟ್ಟ ಹುಡುಗಿಯನ್ನು ಬಾಗಿಲ ಮುಂದೆ ಎಡಕ್ಕೆ ನಾಲ್ಕು ಹೆಜ್ಜೆ, ಬಲಕ್ಕೆ ನಾಲ್ಕು ಹೆಜ್ಜೆ ನಡೆಸುತ್ತಿದ್ದಳು, ಅಷ್ಟೇ. ನಾನು ಫೋನು ಕೆಳಗಿಟ್ಟೆ, ಅವಳ ಕೈಯಲ್ಲಿದ್ದ ಮೆಷಿನ್ ರಿಂಗಾಯಿತು.

"ಯಾರದು?"

"ಆಟದಲ್ಲಿರೋ ಇವಳ ಮಮ್ಮಿ. ಎಲ್ಲಿದ್ದೀಯಾ ಅಂತ ಕೇಳ್ತಿದ್ದಾಳೆ." ಸ್ವಲ್ಪ ಓದಿ, "ಆಮೇಲೆ ಅವಳೇ ಹೇಳ್ತಾಳೆ, ಓ, ಆ ಊರಲ್ಲಿದ್ದೀಯಾ, ಅಲ್ಲಿ ಹಳೇ ಗೋಪುರ ಇದೆಯಲ್ಲ ಅಂತ."

"ಅವಳಿಗೆ ಹೇಗೆ ಗೊತ್ತು?"

"ಮ್ಯಾಪ್ ಇದೆಯಲ್ಲ ಪಪ್ಪಾ. ಉಸೇ ಸಬ್ ಪತಾ ಹೈ. ಎಲ್ಲಾ ಗೊತ್ತಿದ್ದೂ ಕೇಳ್ತಾಳೆ."

"ಯಾಕೆ?"

ಮಗಳು ಆಗ ತಲೆ ಎತ್ತಿ ನನ್ನನ್ನು ನೋಡಿದಳು. "ಇವಳು ಏನು ಹೇಳ್ತಾಳೆ ಅಂತ ನೋಡೋದಕ್ಕೆ."

ಅವಳು ಕಲ್ಪಿಸಿಕೊಂಡು ಹೇಳಿದಳೋ, ಆಟದಲ್ಲಿ ಹಾಗೇ ಇತ್ತೋ ತಿಳಿಯದು. ಅಂದಿನಿಂದ ಆ ಮೆಷಿನ್ ರಿಂಗಾದರೆ ನಾನು ಬಾಲ್ಕನಿಗೆ ಎದ್ದು ಹೋಗುತ್ತಿದ್ದೆ. ಒಮ್ಮೆ ಅವಳು ಶಾಲೆಗೆ ಹೋದಾಗ ಅದನ್ನು ತೆರೆದು ನಕ್ಷೆ ನೋಡಿದೆ. ತಲೆ ಅಲ್ಲೇ ಮಿನುಗುತ್ತಿತ್ತು. ಒಂದಿಷ್ಟೂ ಅಲುಗದೆ, ಇದೆ, ಇಲ್ಲ, ಇದೆ, ಇಲ್ಲ. ಹಿಂದಿನ ವರಾಂಡದಲ್ಲಿ ಯಾರೋ ಮಗ್ಗುಲು ಬದಲಿಸಿದಂತೆ ಮಂಚ ಕಿರುಗುಟ್ಟಿತು. ನಾನು ನೋಡಲು ಹೋಗಲಿಲ್ಲ.

ಮೂರನೆಯ ಭಾನುವಾರ ಏನು ಹೇಳಿದೆನೋ ನೆನಪಿಲ್ಲ. ಸುಳ್ಳು ಸರಾಗವಾಗಿಬಿಟ್ಟಿತ್ತು. ಮನೆಯಲ್ಲೂ ಅವಳಿದ್ದಾಳೆ ಎಂಬಂತೆಯೇ ನಡೆದುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಮೂರು ಲೋಟ ಕಾಫಿ ಸೋಸಿದೆ. ಮಗಳು ಮೂರನೆಯದನ್ನು ಮುಟ್ಟದೆ, ಶಾಲೆಗೆ ಹೋಗುವ ಮುಂಚೆ ಅದರ ಮೇಲೊಂದು ತಟ್ಟೆ ಮುಚ್ಚಿ ಹೋದಳು.

ನಾಲ್ಕನೆಯ ಭಾನುವಾರ.

"ಅಣ್ಣಾ, ಎಲ್ಲಿ ಅವಳು?"

"ಈಗ ತಾನೇ ತಿಂಡಿ ತಿಂದು ಮಲಗಿದಳಮ್ಮ."

"ಏನು ತಿಂಡಿ?"

"ಅವಲಕ್ಕಿ ಒಗ್ಗರಣೆ."

ತಾಯಿ ಫೋನಿನಿಂದ ಬಾಯಿ ಆಚೆ ತಿರುಗಿಸಿ ಯಾರಿಗೋ ಹೇಳಿದ್ದು ಕೇಳಿಸಿತು. "ಅವಲಕ್ಕಿ ತಿಂದೆಯಂತೆ ಕಣೇ."

ನನ್ನ ಕಿವಿಯಲ್ಲಿ ಲೈನಿನ ಗುಂಯ್ ಸದ್ದು.

"ಎರಡು ರಾತ್ರಿ ರೈಲಿನಲ್ಲಿ ಕೂತು ಆ ಶನಿವಾರವೇ ಬಂದಳು ಅಣ್ಣಾ," ಎಂದರು. ಕೋಪವಿಲ್ಲ, ಏನೂ ಇಲ್ಲ. "ಏನಾಯಿತು ಅಂತ ಕೇಳಿದೆ. ಮಾವನನ್ನೇ ಕೇಳು, ಅವರೇ ಹೇಳುತ್ತಾರೆ ಅಂದಳು. ಅದಕ್ಕೇ ನಾಲ್ಕು ವಾರದಿಂದ ಕೇಳುತ್ತಿದ್ದೇನೆ. ಹೇಳುತ್ತೀರಿ ಅಂತಲೇ ಇವಳು ಪ್ರತಿ ಸಲ ಪಕ್ಕದಲ್ಲಿ ಬಂದು ಕೂರುತ್ತಿದ್ದಳು."

ಅವಳು ಬದುಕಿದ್ದಾಳೆ ಎಂಬ ಸಂತೋಷ ನನಗೆ ಮೊದಲು ಆಗಬೇಕಿತ್ತು. ಆಗಲಿಲ್ಲ. ಸ್ನಾನ, ಹುಳಿ, ಅವಲಕ್ಕಿ, ಎಲ್ಲವನ್ನೂ ಅವಳು ಕೂತು ಕೇಳಿದ್ದಾಳೆ ಎನ್ನುವುದೊಂದೇ ತಲೆಯಲ್ಲಿ ತಿರುಗಿತು.

"ಅವಳಿಗೆ ಒಂದು ನಿಮಿಷ ಫೋನು ಕೊಡಮ್ಮ," ಎಂದೆ.

ಆಮೇಲೆ ತಾಯಿ ಹೇಳಿದರು. "ಸ್ನಾನಕ್ಕೆ ಹೋಗಿದ್ದಾಳೆ ಅಣ್ಣಾ."

ಆಗ ಹೇಳಿದೆ. ಬಂದವರು, ಅವರ ನಗು, ಚೀಲ, ಮೆಟ್ಟಿಲು, ಎಲ್ಲ. ಮಗಳ ಎದುರಿಗೇ ಹೇಳಿದೆ. ಮುಗಿಯುವವರೆಗೂ ಲೈನು ಕಡಿಯಲಿಲ್ಲ. ಯಾರು ಕೇಳಿಸಿಕೊಂಡರೋ ಗೊತ್ತಿಲ್ಲ. ಆ ಭಾನುವಾರದ ನಂತರ ಅಲ್ಲಿಂದ ಫೋನು ಬರಲಿಲ್ಲ. ಅರಸೀಕೆರೆಯ ಕಡೆ ಹೋಗುವವರೊಬ್ಬರ ಕೈಯಲ್ಲಿ ಮೆಷಿನ್ ಕಳಿಸಿದೆವು. ಕಟ್ಟುವ ಮುಂಚೆ ಮಗಳು ನಕ್ಷೆ ತೆರೆದು ನನಗೆ ತೋರಿಸಿದಳು. ತಲೆ ಅದೇ ಬಾಗಿಲಲ್ಲಿತ್ತು.

ಮೈಸೂರಿನಿಂದ ಬಂದ ಹೆಂಡತಿಗೆ, ಹುಡುಗಿ ತಾನಾಗಿಯೇ ಕೆಲಸ ಬಿಟ್ಟು ಊರಿಗೆ ಹೋದಳು ಎಂದೆ. ಅದಾದ ಮೇಲೆ ಗೆಳತಿ ತನ್ನ ಕಾಗದಗಳಿಗೆ ಯಾಕೆ ಉತ್ತರ ಬರೆಯಲಿಲ್ಲ ಎಂದು ಅವಳು ಸಾಯುವವರೆಗೂ ಕೇಳುತ್ತಿದ್ದಳು.

ಈಗ ಮಗಳು ಗುರುಗ್ರಾಮದಲ್ಲಿ, ಹದಿನೇಳನೆಯ ಮಹಡಿಯಲ್ಲಿ ಇದ್ದಾಳೆ. ನನಗೆ ವಯಸ್ಸಾಯಿತೆಂದು ನನ್ನ ಮೊಬೈಲಿನಲ್ಲಿ ಏನೋ ಮಾಡಿದ್ದಾಳೆ. ನಾನು ಎಲ್ಲಿ ಹೋದರೂ ಅವಳ ಫೋನಿನ ನಕ್ಷೆಯಲ್ಲಿ ನನ್ನ ಚುಕ್ಕೆ ಕಾಣುತ್ತದಂತೆ. ಆದರೂ ದಿನಾ ಸಂಜೆ ಫೋನು ಮಾಡಿ, "ಪಪ್ಪಾ, ಎಲ್ಲಿದ್ದೀರಿ?" ಎಂದು ಕೇಳುತ್ತಾಳೆ. ನಾನು ನಿಂತು, ಸುತ್ತ ನೋಡಿ, ಪಕ್ಕದ ಅಂಗಡಿಯ ಬೋರ್ಡು ಓದಿಕೊಂಡು ಹೇಳುತ್ತೇನೆ. ಹೇಳಿ ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಸುಮ್ಮನಿರುತ್ತಾಳೆ.