ಹಗೇವಿನಲ್ಲಿ ಆರದ ದೀಪ

ನಮ್ಮ ಅಂಗಳದಲ್ಲಿ ಒಂದು ಹಗೇವು ಇತ್ತು. ಹಗೇವು ಅಂದರೆ ಜೋಳ ಇಡಲು ನೆಲದಲ್ಲಿ ತೋಡಿದ ಗುಂಡಿ. ಅದರ ಬಾಯಿ ಒಬ್ಬ ಮನುಷ್ಯ ಭುಜ ಓರೆ ಮಾಡಿಕೊಂಡು ಇಳಿಯುವಷ್ಟು ಮಾತ್ರ. ಹೊಟ್ಟೆ ಒಂದು ಕೋಣೆಯಷ್ಟು. ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಕಾಳಿಗೆ ಹುಳ ಬೀಳುತ್ತಿರಲಿಲ್ಲ. ನನ್ನ ತವರು ಮೂಡಲಗಿ. ಅಲ್ಲಿ ನಮ್ಮ ಮನೆಯಲ್ಲಿ ಕಾಳನ್ನು ಕಣಜದಲ್ಲಿ ಇಡುತ್ತಿದ್ದೆವು. ಹುಕ್ಕೇರಿ ಕಡೆಯ ಈ ಮನೆಗೆ ಬಂದಾಗ ಹಗೇವಿನ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ನನ್ನ ಬಾಯಿ ಮಾತ್ರ ಜೋರಿತ್ತು.

ಒಂದು ವರ್ಷ ಗಂಡ ಕಂದೀಲು ಹಿಡಿದು ಇಳಿಯುವಾಗ ಅದು ಹಗೇವಿನ ಬಾಯಿಗೆ ಬಡಿದು ಗಾಜು ಒಡೆಯಿತು. ಎಣ್ಣೆಯೆಲ್ಲ ಜೋಳದ ಮೇಲೆ ಚೆಲ್ಲಿತು. ಹುಲ್ಲಿಗೆ ಕಿಡಿ ಹತ್ತಲಿಲ್ಲ, ಅದೇ ಪುಣ್ಯ. ಆ ಜೋಳದ ರೊಟ್ಟಿಯನ್ನು ನಾವು ತಿಂದೆವು. ಎತ್ತುಗಳು ಮೂಸಿ ನೋಡಿ ಮುಖ ತಿರುಗಿಸಿದವು. ಇನ್ನು ಕಂದೀಲು ಒಳಗೆ ಹೋಗಬಾರದು, ಸೆಲ್ಲಿನ ಬ್ಯಾಟರಿ ದೀಪ ತರಬೇಕು ಎಂದು ಹಟ ಹಿಡಿದವಳು ನಾನೇ.

ಗೋಕಾಕದ ಪ್ಯಾಟಿಗೆ ಗಂಡನ ಜೊತೆ ನಾನೂ ಹೋದೆ. ಅಂಗಡಿಯವನು ಮೊಳದುದ್ದದ್ದೊಂದು ತೆಗೆದ.

“ಇದು ಮೂರು ಸೆಲ್ಲಿಂದ್ರಿ. ಗುಡ್ಡದ ಮ್ಯಾಗಿನ ಮಂದಿನೂ ಕಾಣತಾರ.”

“ಗುಡ್ಡದ ಮಂದಿ ಕಟಗೊಂಡು ನಾ ಏನ ಮಾಡ್ಲಿ? ನನಗ ಕಾಲಬುಡದಾಗಿನ ಜೋಳ ಕಾಣಬೇಕ್ರಿ,” ಎಂದೆ.

ಅಲ್ಲಿ ಒಂದು ದೊಡ್ಡ ಟ್ರಂಕು ಬಾಯಿ ತೆರೆದು ಕೂತಿತ್ತು. ಅದರೊಳಗೆ ತಲೆ ಹಾಕಿ, ಮೇಲೆ ಸೆರಗು ಎಳೆದುಕೊಂಡು, ಒಂದೊಂದೇ ಬ್ಯಾಟರಿ ಹಚ್ಚಿ ನೋಡಿದೆ. ಗಂಡ ನಾಚಿಕೊಂಡು ಬಾಗಿಲಿಗೆ ಹೋಗಿ ನಿಂತ. ಉದ್ದನೆಯದು ಒಂದೇ ಕಡೆ ಬಿಳಿ ಚುಕ್ಕೆ ಬಿಡುತ್ತಿತ್ತು, ಆಜೂಬಾಜೂ ಕತ್ತಲೆ. ಗಿಡ್ಡದು ಮೂಲೆಮೂಲೆಗೂ ಬೆಳಕು ಚೆಲ್ಲುತ್ತಿತ್ತು. ಅದರ ಬುಡದಲ್ಲಿ ದಾರ ಕಟ್ಟಲು ಒಂದು ಬಳೆಯೂ ಇತ್ತು. ಅದನ್ನೇ ಆರಿಸಿದೆ.

“ಚೊಲೋದು ಹಿಡದಿ ಬಿಡವ್ವಾ. ಗಾಳಿಗೂ ಆರಂಗಿಲ್ಲ, ಮಳಿಗೂ ಆರಂಗಿಲ್ಲ,” ಎಂದ ಅಂಗಡಿಯವನು. ಆ ಮಾತು ನಮಗೆ ಬಹಳ ಹಿಡಿಸಿತು.

ಮನೆಯಲ್ಲಿ ಅತ್ತೆ ಅದನ್ನು ಹಚ್ಚಿ, ಆರಿಸಿ, ಗಾಜಿನ ಮೇಲೆ ಅಂಗೈ ಇಟ್ಟು ನೋಡಿದಳು.

“ಇದಕ ಉಸರ ಇಲ್ಲಲ್ಲಬೇ.”

“ಎಣ್ಣಿ ವಾಸನಿನೂ ಇಲ್ರಿ ಅತ್ತಿ,” ಎಂದೆ. ಮುದುಕಿಯ ಗೊಣಗಾಟ ಎಂದುಕೊಂಡೆ.

ಹಗೇವು ತೆಗೆಯುವ ದಿನ ಅತ್ತೆ ಹಿತ್ತಲಲ್ಲಿ ಸೆಗಣಿಯ ಕುಳ್ಳು ತಟ್ಟುತ್ತಿದ್ದಳು. ಗಂಡ ಮತ್ತು ಮೈದುನ ಸೇರಿ ಕಲ್ಲು ಸರಿಸಿದರು. ಹಿಂದಿನ ವರ್ಷ ಅರ್ಧ ತೆಗೆದು ಮುಚ್ಚಿದ್ದ ಜೋಳ ಕೆಳಗೆ ಆಳದಲ್ಲಿತ್ತು. ಹುಳಿ ವಾಸನೆ ಮೂಗಿಗೆ ಹೊಡೆಯಿತು.

“ಅಣ್ಣಾ, ಸಂಜೀತನಾ ತೆರದ ಬಿಡೂಣು. ಒಳಗಿನ ಝಳ ಹೋಗ್ಲಿ,” ಎಂದ ಮೈದುನ.

“ದೀಪ ಬಿಟ್ಟ ನೋಡೂಣಲ್ಲ. ಅಪ್ಪ ಹಂಗ ಮಾಡತಿದ್ದ.”

ಮಾವ ತೀರಿಹೋಗಿದ್ದ. ಅವನು ಬಿಟ್ಟುಹೋದ ಮಾತು ಒಂದೇ: ದೀಪ ಆರಿದರೆ ಇಳಿಯಬೇಡ, ಆರದಿದ್ದರೆ ಇಳಿ. ಗಂಡ ಬ್ಯಾಟರಿಗೆ ದಾರ ಕಟ್ಟಿ ಕೆಳಗೆ ಬಿಟ್ಟ. ಅದು ತಳದವರೆಗೂ ಬೆಳಗುತ್ತ ಹೋಯಿತು.

“ನೋಡ, ಆರಿಲ್ಲ.”

ನಾನೂ ಬಗ್ಗಿ ನೋಡಿದೆ. “ಚೊಲೋ ಉರೀತೈತ್ರಿ,” ಎಂದೆ. ಹೌದು, ನಾನೇ ಅಂದೆ.

ಗಂಡ ರೂಢಿಯಂತೆ ಕಂಕುಳಿಗೆ ಹಗ್ಗ ಕಟ್ಟಿಕೊಂಡು ಇಳಿದ. “ಬುಟ್ಟಿ ಬಿಡ್ರಿ,” ಎಂದ. ಬಿಟ್ಟೆವು. ಬೆಳಕು ಹುಲ್ಲಿನ ಮೇಲೆ ಅತ್ತಿತ್ತ ಓಡಾಡಿತು. ಆಮೇಲೆ ಏನೋ ಅಂದ, ಕುಡಿದವರ ಹಾಗೆ ಮಾತು ತೊದಲಿತು. ಬೆಳಕು ಒಂದೇ ಕಡೆ ನಿಂತುಬಿಟ್ಟಿತು.

“ಏನ್ರಿ? ತುಂಬಿತೇನ್ರಿ ಬುಟ್ಟಿ?”

ಬಗ್ಗಿದರೆ ಬ್ಯಾಟರಿ ಜೋಳದ ಮೇಲೆ ಬಿದ್ದು ಉರಿಯುತ್ತಿದೆ. ಬೆಳಕಿನಲ್ಲಿ ಅವನ ಕೈ ಕಾಣುತ್ತಿದೆ, ಬೆರಳು ಅಲ್ಲಾಡುತ್ತಿಲ್ಲ.

ಮೈದುನ ಕಾಲು ಇಳಿಬಿಟ್ಟ. ನನ್ನ ಕೂಗು ಕೇಳಿ ಓಡಿಬಂದ ಅತ್ತೆ ಸೆಗಣಿ ಕೈಯಿಂದಲೇ ಅವನ ಕೂದಲು ಹಿಡಿದು ಹಿಂದಕ್ಕೆ ಎಳೆದಳು. “ಇಬ್ಬರನೂ ಕಳಕೊಳ್ಳಲೇನೋ? ಹಗ್ಗ ಜಗ್ಗ್ರಿ.”

ಮೂವರೂ ಜಗ್ಗಿದೆವು. ಬಾಯಿಯ ಹತ್ತಿರ ಬಂದು ಭುಜ ಸಿಕ್ಕಿಕೊಂಡಿತು. ಮೈ ಓರೆ ಮಾಡುವವನಿಗೆ ಎಚ್ಚರವೇ ಇಲ್ಲ. ಅತ್ತೆ ಉಸಿರು ಬಿಗಿ ಹಿಡಿದು, ಬೋರಲು ಬಿದ್ದು, ಅವನ ತೋಳು ಹಿಡಿದು ತಿರುಗಿಸಿದಳು. ಚರ್ಮ ಸುಲಿಯಿತು, ಮೈ ಮೇಲೆ ಬಂತು. ಮುಖ ಕಪ್ಪಿಟ್ಟಿತ್ತು. ನೀರು ಹೊಡೆದೆ. ಎರಡು ಸಲ ಕೆನ್ನೆಗೂ ಹೊಡೆದೆ, ಗಂಡ ಎಂದು ನೋಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಎದೆ ಏರಿತು, ಕೆಮ್ಮಿದ.

ಅತ್ತೆ ಅಡುಗೆಮನೆಯಿಂದ ಚಿಮಣಿ ದೀಪ ಹಚ್ಚಿ ತಂದು ಹಗೇವಿಗೆ ಇಳಿಬಿಟ್ಟಳು. ಮೊಳ ಇಳಿಯುವುದರೊಳಗೆ ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಅದರ ಕೆಳಗೆ ನನ್ನ ಬ್ಯಾಟರಿ ಹಾಗೇ ಬೆಳಗುತ್ತಿತ್ತು. ದೀಪಕ್ಕೂ ಮನುಷ್ಯನಿಗೂ ಬೇಕಾದ ಗಾಳಿ ಒಂದೇ ಎಂಬುದು ನನ್ನ ತಲೆಗೆ ಹೊಕ್ಕಿದ್ದು ಆವಾಗ. ಅತ್ತೆ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆಯ ಹೊತ್ತಿಗೆ ಗಂಡ ಎದ್ದು ಕೂತ. ಮೊದಲು ಕೇಳಿದ ಮಾತು, “ಬ್ಯಾಟರಿ ಆರಿತೇನ?”

“ಅದ್ಯಾಕ ಆರತೈತಿ? ನೀವ ಆರಾಕ ಹೊಂಟಿದ್ರಿ,” ಎಂದೆ.

ಎರಡು ದಿನ ಹಗೇವು ತೆರೆದಿಟ್ಟೆವು. ಮೂರನೆಯ ದಿನ ಚಿಮಣಿ ತಳದವರೆಗೂ ಆರದೆ ಹೋಯಿತು. ಮೈದುನ ಇಳಿದು ಬ್ಯಾಟರಿ ತಂದುಕೊಟ್ಟ. ಸೆಲ್ಲು ಸತ್ತಿತ್ತು. ಹೊಸ ಸೆಲ್ಲು ಹಾಕಿಸಿದೆ. ಬ್ಯಾಟರಿಯ ತಪ್ಪೇನಿತ್ತು? ಆ ವರ್ಷದಿಂದ ಹಗೇವಿಗೆ ಮೊದಲು ಚಿಮಣಿ ಇಳಿಯುತ್ತಿತ್ತು, ಆಮೇಲೆ ಬ್ಯಾಟರಿ. ಚಿಮಣಿಯ ದಾರ ಮಾತ್ರ ನಾನು ಯಾರ ಕೈಗೂ ಕೊಡಲಿಲ್ಲ.