ಜರುಗುತ್ತಿದ್ದ ಮೇಜು

ಎಂಬತ್ತರ ದಶಕದಲ್ಲಿ ಅಫಜಲಪುರದ ಹೈಸ್ಕೂಲಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಮಾಸ್ತರರು ಯಾವ ಶಬ್ದಕ್ಕೂ ಮೊದಲೇ ಅರ್ಥ ಹೇಳುತ್ತಿರಲಿಲ್ಲ, ಮಾಡಿ ತೋರಿಸುತ್ತಿದ್ದರು. ‘ಎನ್‌ಕ್ರೋಚ್’ ಬಂದ ದಿನ ಪಾಠ ಓದುತ್ತಲೇ ತಮ್ಮ ಮೇಜನ್ನು ತುಸುತುಸುವೇ ನಮ್ಮ ಮುಂದಿನ ಬೆಂಚಿನತ್ತ ತಳ್ಳುತ್ತ ಬಂದರು. ನಾವು ಕಾಲು ಮಡಚುತ್ತ ಮಡಚುತ್ತ ಕೊನೆಗೆ ಬೆಂಚಿನ ಮೇಲೆಯೇ ಎತ್ತಿಕೊಂಡು ಕೂತೆವು. ಆಗ ಪುಸ್ತಕ ಮುಚ್ಚಿ ಕೇಳಿದರು: “ಎಲ್ಲಿತ್ತು, ಎಲ್ಲಿಗಿ ಬಂತು?”

ಹೊಲದ ಬದು ಒತ್ತಿದ ಸುದ್ದಿಗೂ, ರಸ್ತೆಗೆ ಬಂದ ಅಂಗಡಿ ಕಟ್ಟೆಗೂ, ಎಂಥ ಒತ್ತುವರಿಗೂ ಅವರದು ಅದೇ ಮಾತು.

ಆ ವರ್ಷ ನನಗೊಬ್ಬಳು ತಂಗಿ ಹುಟ್ಟಿದಳು. ಅವಳನ್ನು ನೋಡಿಕೊಳ್ಳಲು ನಾನು ಮೊದಲು ಪ್ರಾರ್ಥನೆ ತಪ್ಪಿಸಿದೆ, ಆಮೇಲೆ ಮೊದಲ ಪಿರಿಯಡ್ಡು, ಆಮೇಲೆ ಇಡೀ ಮುಂಜಾನೆ. ಒಂದು ಸಂಜೆ ಮಾಸ್ತರರು ಮನೆಗೇ ಬಂದರು. ಅವ್ವ ಕೊಟ್ಟ ಚಹಾವನ್ನು ಬಸಿಗೆ ಸುರಿದು ಆರಿಸುತ್ತ, “ಅಕ್ಕಾರ, ನಿಮ್ಮ ಹುಡುಗಿ ಸಾಲಿಗಿ ಬರೋ ಹೊತ್ತು ಎಲ್ಲಿತ್ತು, ಎಲ್ಲಿಗಿ ಬಂತು ನೋಡ್ರಿ,” ಎಂದರು.

“ಜರಾ ಹೊತ್ತಂತ ನಿಲ್ಸಿಕೊಂಡಿದ್ದೆರಿ ಸರ,” ಎಂದಳು ಅವ್ವ.

“ಹೌದ್ರಿ. ಜರಾ ಜರಾನೇ ಸರೀತದ.”

ಇಷ್ಟೇ ಹೇಳಿ ಚಹಾ ಮುಗಿಸಿ ಎದ್ದರು. ‘ಎನ್‌ಕ್ರೋಚ್’ ಶಬ್ದವನ್ನು ಎಲ್ಲೆಲ್ಲಿ ಬಳಸಬಹುದೆಂದು ನನಗೆ ತಿಳಿದದ್ದು ಆಗ.

ಮರುದಿನ ಸಾಲಿ ಗಂಟೆ ಕೇಳಿದಾಗ ತಂಗಿ ನನ್ನ ಕಂಕುಳಲ್ಲಿದ್ದಳು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಹಿಟ್ಟಿನ ಕೈಯಲ್ಲೇ ಅವಳನ್ನು ತೆಗೆದುಕೊಂಡಳು. “ನಡಿ ಬೇ, ಗಂಟಿ ಆಗ್ಯಾದ.”

ಲಂಗದ ಮೇಲಿನ ಹಿಟ್ಟು ಝಾಡಿಸಿಕೊಳ್ಳದೆಯೇ ಓಡಿ ಮುಂದಿನ ಬೆಂಚಿನಲ್ಲಿ ಕೂತೆ. ಮಾಸ್ತರರು ತಮ್ಮ ಮೇಜನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡರು.