ಮುಟ್ಟಿ ನೋಡುವ ಭೌತಶಾಸ್ತ್ರ

ಮೊನ್ನೆ ಲ್ಯಾಬಿನ ಕಪಾಟು ಒಪ್ಪ ಮಾಡುವಾಗ ಒಂದು ಪುಟ್ಟ ಗಾಡಿ ಕೈಗೆ ಸಿಕ್ಕಿತು. ಹಳಿಯ ಮೇಲೆ ಓಡಿಸಿ ವೇಗ, ಘರ್ಷಣೆ ಅಳೆಯುವ ಗಾಡಿ. ನಮ್ಮ ಹೈಸ್ಕೂಲಿನಲ್ಲಿ ಅಂಥವು ಬೇಕಾದಷ್ಟಿವೆ. ಇದರ ನೆತ್ತಿಯ ಮೇಲೆ ಮಾತ್ರ ಇನ್ನೂ ಅಳಿಸದೆ ಉಳಿದ, ಮಾಸಿದ ಕುಂಕುಮದ ಬೊಟ್ಟು. ಡಲ್ಲಾಸ್ ಕಡೆಯ ಶಾಲೆಯಲ್ಲಿ ಗಾಡಿಗೆ ಕುಂಕುಮ ಹಚ್ಚುವವರು ಯಾರು ಎಂದು ನೀವು ಕೇಳಬಹುದು. ಹೇಳುತ್ತೇನೆ, ಕೇಳಿ.

ವಿಮಲಾ ಆಂಟಿ ಧಾರವಾಡದ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಇಲ್ಲೇ ಹತ್ತಿರದ ಕಾಪೆಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಸಾಫ್ಟ್‌ವೇರ್ ಬಿಟ್ಟು ಟೀಚರ್ ಆದವಳು. ಸಾಫ್ಟ್‌ವೇರೇ ನನ್ನನ್ನು ಬಿಟ್ಟಿತು ಎಂದರೆ ಇನ್ನೂ ನಿಜ. ಯಾರದೋ ಗೃಹಪ್ರವೇಶದ ಊಟದಲ್ಲಿ ಪರಿಚಯವಾಯಿತು. ಇಬ್ಬರೂ ಫಿಸಿಕ್ಸಿನವರು ಎಂದು ಗೊತ್ತಾದ ಮೇಲೆ ಹೋಳಿಗೆ ತಣ್ಣಗಾದದ್ದೂ ತಿಳಿಯಲಿಲ್ಲ. ಲ್ಯಾಬಿನಲ್ಲಿ ನನಗೆ ಜೊತೆಯಾಗಿ ಬನ್ನಿ ಎಂದು ಕರೆದೆ. ಅವರು ಹಿಂದೆ ಮುಂದೆ ನೋಡುತ್ತಾ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು. ಚಳಿ ಇರಬೇಕು ಅಂದುಕೊಂಡೆ. ಟೆಕ್ಸಸ್ಸಿನ ಆಗಸ್ಟ್ ತಿಂಗಳಲ್ಲಿ ಚಳಿ! ವಿಜ್ಞಾನ ಓದಿದವಳ ಗಮನಶಕ್ತಿ ನೋಡಿ.

ಮೊದಲ ದಿನ ಮಕ್ಕಳು ಸ್ಪ್ರಿಂಗು, ರಾಟೆ, ಅಯಸ್ಕಾಂತಗಳಿಗೆ ಒಟ್ಟಿಗೇ ಕೈ ಹಾಕಿದಾಗ ಆಂಟಿ ತಡೆಯಲಾರದೆ, "ಮುಟ್ಟಬ್ಯಾಡ್ರಿ" ಎಂದು ಗದರಿಬಿಟ್ಟರು. ಮೇಘನಾ ಎಂಬ ನಮ್ಮ ಕನ್ನಡದ ಹುಡುಗಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಎಲ್ಲರಿಗೂ ನಗು. ಲ್ಯಾಬ್ ಇರುವುದೇ ಮುಟ್ಟುವುದಕ್ಕಲ್ಲವೇ?

ವಾಪಸು ಹೋಗುವಾಗ ಕಾರಿನಲ್ಲಿ ಆಂಟಿ ತಮ್ಮ ಕಾಲೇಜಿನ ಕಥೆ ಹೇಳಿದರು. ಉಪಕರಣಗಳು ಗಾಜಿನ ಕಪಾಟಿನಲ್ಲಿ, ಕೀಲಿ ಇವರ ಸೊಂಟದಲ್ಲಿ. ಒಂದು ಒಡೆದರೆ ಇನ್ನೊಂದು ಬರುವ ಭರವಸೆ ಇಲ್ಲ. ಹಾಗಾಗಿ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದೇ ಕಲಿಸಿದರು. ಅವು ಹೊರಗೆ ಬರುತ್ತಿದ್ದದ್ದು ಪರೀಕ್ಷೆಗೆ ಮತ್ತು ಆಯುಧಪೂಜೆಗೆ. ನಮ್ಮ ಮೈಸೂರಿನ ಕಾಲೇಜೇನೂ ಮೇಲಾಗಿರಲಿಲ್ಲ. ಒಂದು ಲೋಲಕಕ್ಕೆ ಒಂದು ಗುಂಪು; ಆಡಿಸುವವಳೊಬ್ಬಳು, ಎಣಿಸುವವಳೊಬ್ಬಳು, ಅಕ್ಷರ ದುಂಡಗಿದೆ ಎಂಬ ತಪ್ಪಿಗೆ ನಾನು ಬರೆಯುವವಳು. ಅಕ್ಷರ ಚೆನ್ನಾಗಿದ್ದವರು ವಿಜ್ಞಾನಿಗಳಾಗದಿರುವ ಗುಟ್ಟು ಇದೇ ಇರಬೇಕು.

ಆಯುಧಪೂಜೆಯ ದಿನ ಆಂಟಿ ಕುಂಕುಮದ ಭರಣಿ ತಂದು ಒಂದೊಂದು ಗಾಡಿಗೂ ಬೊಟ್ಟಿಟ್ಟರು. ಆಮೇಲೆ ಒಂದು ಗುಂಪಿನ ಗಾಡಿ ಮುಂದಕ್ಕೇ ಹೋಗಲೊಲ್ಲದು. ಚಕ್ರದ ಸಂದಿಯಲ್ಲೆಲ್ಲ ಕುಂಕುಮ. ಮೇಘನಾ ಅದನ್ನು ಊದಿ ತೆಗೆದು, ವೇಗ ಕಡಿಮೆಯಾದದ್ದಕ್ಕೆ ಕಾರಣ ಆಶೀರ್ವಾದ ಎಂದು ರಿಪೋರ್ಟಿನಲ್ಲಿ ಬರೆದಳು. ನಾನೂ ನಕ್ಕೆ. ನಗುತ್ತಲೇ ಆಂಟಿಯ ಕಡೆ ತಿರುಗಿದಾಗ ಕಂಡದ್ದು ಅವರ ಬಲಗೈ. ಕುಂಕುಮ ಚೆಲ್ಲಿದ್ದು ಆ ಕೈಯ ನಡುಕಕ್ಕೆ.

"ನಾಳಿಂದ ನಾ ಬರಂಗಿಲ್ಲವಾ" ಎಂದರು ಕಾರಿನಲ್ಲಿ. "ಪಾರ್ಕಿನ್ಸನ್ ಅಂದಾರ ಡಾಕ್ಟ್ರು. ಇಷ್ಟು ವರ್ಷ ಮುಟ್ಟಲಿಲ್ಲ. ಈಗ ಮುಟ್ಟೂಣು ಅಂದ್ರ ಕೈ ನಿಲ್ಲವಲ್ದು."

ಬದುಕೆಲ್ಲ ಕಲಿಸಿದ್ದನ್ನು ಒಮ್ಮೆಯೂ ಮನದಣಿಯೆ ಕೈಯಲ್ಲಿ ಹಿಡಿಯದೆ ಮುಗಿಸುವುದೆಂದರೇನು? ಇನ್ನೊಂದೇ ದಿನ ಬನ್ನಿ ಎಂದು ಕಾಡಿ ಬೇಡಿ ಒಪ್ಪಿಸಿದೆ.

ಅಂದು ಆಂದೋಲನದ ಪ್ರಯೋಗ. ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಸೆನ್ಸರ್ ಒಂದಿದೆ. ಅದು ಅಲುಗಿದಂತೆ ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆ ಏರಿಳಿಯುತ್ತದೆ. ಮೇಘನಾ ಅದನ್ನು ನೇರವಾಗಿ ಆಂಟಿಯ ಮುಂದೆ ಹಿಡಿದಳು. ಆಂಟಿ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡು, "ಬ್ಯಾಡವಾ, ನನ್ನ ಕೈ ನಡಗತೈತಿ" ಎಂದರು.

"ದಟ್ಸ್ ಓಕೆ, ಅಜ್ಜಿ. ಇಟ್ ಮೆಷರ್ಸ್ ಶೇಕಿಂಗ್."

ಅದರಲ್ಲಿ ಕರುಣೆಯೂ ಇರಲಿಲ್ಲ, ಕೊಂಕೂ ಇರಲಿಲ್ಲ. ಉಪಕರಣದ ವಿವರ, ಅಷ್ಟೇ. ಆಂಟಿ ಸೆರಗಿನಿಂದ ಕೈ ತೆಗೆದು ಸೆನ್ಸರನ್ನು ಹಿಡಿದರು. ಪರದೆಯ ಮೇಲೆ ಅಲೆಯ ಹಿಂದೆ ಅಲೆ ಮೂಡಿತು. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಇದು ನಾ ಬೋರ್ಡ್ ಮ್ಯಾಲೆ ಬರೀತಿದ್ದ ಅಲೀನ ಅಲ್ಲೇನು?" ಎಂದು ನನ್ನನ್ನು ಕೇಳಿದರು. ಆಮೇಲೆ ಮೇಘನಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಶಿಖರಗಳನ್ನು ಎಣಿಸಿ, ತಮ್ಮದೇ ಕೈಯ ಆವರ್ತಾಂಕ ಕಂಡುಹಿಡಿದರು. ಅಂದಿನಿಂದ ಬರುವುದು ಬಿಡಲಿಲ್ಲ. ಮುಟ್ಟದ ವಸ್ತು ಉಳಿಯಲಿಲ್ಲ. ಒಂದು ಗಾಜಿನ ಪಟ್ಟಕವನ್ನು ಬೀಳಿಸಿ ಒಡೆದ ದಿನವಂತೂ ಕಾರಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕರು.

ಈಗ ಅವರಿಗೆ ಹೊರಗೆ ಬರಲಾಗುವುದಿಲ್ಲ. ಚಮಚ ಹಿಡಿಯುವುದೂ ಕಷ್ಟ. ಈ ಭಾನುವಾರ ಫೋನ್ ಮಾಡಿ ಸೆನ್ಸರ್ ತಗೊಂಡು ಬಾ ಎಂದರು. ಕಾಪೆಲ್‌ವರೆಗೂ ಡ್ರೈವ್ ಮಾಡುತ್ತಾ, ಮರೆತು ಬಂದೆ ಎಂದುಬಿಟ್ಟರೆ ಹೇಗೆ ಎಂದು ಯೋಚಿಸುತ್ತಲೇ ಇದ್ದೆ. ಹೇಳಲಾಗಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಸೆನ್ಸರ್ ಹಿಡಿಸಿದೆ. ಗೆರೆ ಏಳುತ್ತಿದ್ದಂತೆ ನನ್ನ ಕಣ್ಣು ತುಂಬಿತು. ಕಿಟಕಿಯ ಕಡೆ ತಿರುಗಿಕೊಂಡೆ.

"ನೀ ಯಾಕ ಅತ್ತಾಗ ನೋಡ್ತೀ?" ಎಂದರು ವಿಮಲಾ ಆಂಟಿ. "ರೀಡಿಂಗ್ ತಗೋ."